‘ನಂಗೆ ಆಗಿಬರಲ್ಲ’ ಅಂದಮೇಲೆ ಯಾವ ಆಂಟಿಬಯೋಟಿಕ್?

ಮಂಡಿ ಬದಲಿಸುವ ಆಪರೇಷನ್ನಿನ ಹಿಂದಿನ ಸಂಜೆ. ದೊಡ್ಡಮ್ಮನ ಫೈಲಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿತ್ತು: ಪೆನ್ಸಿಲಿನ್ ಅಲರ್ಜಿ. ಅನಸ್ತೇಶಿಯಾ ಡಾಕ್ಟ್ರು ಬಂದವರು ಅದನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತರು.

“ಏನಾಗಿತ್ತಮ್ಮ ಆವಾಗ?”

“ಆಗಿಬರ್ಲಿಲ್ಲ ಡಾಕ್ಟ್ರೇ.”

“ಅಂದ್ರೆ? ಪಿತ್ತದ ಗಂಧೆ ಎದ್ವಾ? ಉಸಿರು ಕಟ್ಟಿತಾ? ಮುಖ ಊದ್ಕೊಳ್ತಾ?”

“ಇಲ್ಲಪ್ಪ. ಸೂಜಿ ಚುಚ್ಚಿದ ತಕ್ಷಣ ಕಣ್ಣು ಕತ್ತಲೆ ಬಂದು ಬಿದ್ಬಿಟ್ಟೆ. ಬೆಳಗ್ಗಿಂದ ಏನೂ ತಿಂದಿರ್ಲಿಲ್ಲ. ನಮ್ಮಪ್ಪ ನೀರು ಚಿಮುಕಿಸಿದ್ಮೇಲೆ ಎದ್ದು ಕೂತೆ.”

“ಯಾವ ವರ್ಷ?”

“ಮದ್ವೆಗೆ ಮುಂಚೆ.”

ದೊಡ್ಡಮ್ಮನಿಗೆ ಈಗ 68. ಅಂದರೆ ಸುಮಾರು 50 ವರ್ಷದಿಂದ ಆ ಒಂದು ಮಾತು ಚೀಟಿಯಿಂದ ಚೀಟಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ನಕಲಾಗುತ್ತಾ ಬಂದಿದೆ. ಏನಾಗಿತ್ತು ಅಂತ ಅಷ್ಟು ವರ್ಷದಲ್ಲಿ ಕೂತು ಕೇಳಿದವರು ಇವರೊಬ್ಬರೇ.

‘ಆಗಿಬರಲ್ಲ’ ಅನ್ನುವುದು ನಮ್ಮ ಭಾಷೆಯ ಬಲು ಉದಾರ ಮಾತು. ಮಾತ್ರೆ ನುಂಗಿ ಹೊಟ್ಟೆ ತೊಳಸಿದರೂ ಆಗಿಬರಲ್ಲ. ಬಾಯಲ್ಲಿ ಹುಣ್ಣಾದರೆ ‘ಹೀಟ್ ಆಯ್ತು, ಆಗಿಬರಲ್ಲ’. ಸೂಜಿಯ ಭಯಕ್ಕೆ ತಲೆ ಸುತ್ತಿದರೂ ಅದೇ ಮಾತು. ಗಂಟಲು ಊದಿ, ಬಿಪಿ ಕುಸಿದು, ಜೀವ ಹೋಗಿ ಬಂದವರೂ ಅದನ್ನೇ ಹೇಳುತ್ತಾರೆ. ನಾಲ್ಕೂ ಬೇರೆ ಬೇರೆ ಸಂಗತಿ. ಫೈಲಿಗೆ ಬಂದಾಗ ಮಾತ್ರ ನಾಲ್ಕಕ್ಕೂ ಒಂದೇ ಕೆಂಪು ಶಾಯಿ.

ಹಾಗಾಗಿ ‘ಅಲರ್ಜಿ ಇದ್ದವರಿಗೆ ಬದಲಿ ಆಂಟಿಬಯೋಟಿಕ್ ಯಾವುದು’ ಅನ್ನುವುದು ನನ್ನ ಮಟ್ಟಿಗೆ ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದ್ದು, ಅದು ಅಲರ್ಜಿಯೇ? ಹೌದಾದರೆ ಯಾವ ಥರದ್ದು? ಇದು ಗೊತ್ತಾಗದೆ ಬದಲಿ ಹುಡುಕುವುದು ಅಡ್ರೆಸ್ ಇಲ್ಲದೆ ಆಟೋ ಹತ್ತಿದ ಹಾಗೆ.

ಅಮೆರಿಕದ ಲೆಕ್ಕ ನೋಡಿ. ಅಲ್ಲಿ 10ರಲ್ಲಿ ಒಬ್ಬರು ತಮಗೆ ಪೆನ್ಸಿಲಿನ್ ಅಲರ್ಜಿ ಇದೆ ಅನ್ನುತ್ತಾರೆ. ಅಂಥವರನ್ನು ಸರಿಯಾಗಿ ಪರೀಕ್ಷೆ ಮಾಡಿದರೆ 100ರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಪೆನ್ಸಿಲಿನ್ ಏನೂ ಮಾಡುವುದಿಲ್ಲ. ಕೆಲವರಿಗೆ ಮೊದಲೇ ಅಲರ್ಜಿ ಇರಲಿಲ್ಲ. ಮಗುವಾಗಿದ್ದಾಗ ವೈರಲ್ ಜ್ವರಕ್ಕೆ ಪೆನ್ಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿರುತ್ತಾರೆ, ಮೂರನೇ ದಿನ ಮೈಯೆಲ್ಲ ದದ್ದು ಎದ್ದಿರುತ್ತದೆ. ದದ್ದು ತಂದದ್ದು ವೈರಸ್, ಹೆಸರು ಕೆಟ್ಟದ್ದು ಸಿರಪ್ಪಿನದು. ಇನ್ನು ಕೆಲವರಿಗೆ ನಿಜವಾಗಿಯೂ ಅಲರ್ಜಿ ಇತ್ತು, ಆದರೆ ಕಾಲ ಕಳೆದಂತೆ ಹೋಗಿಬಿಟ್ಟಿದೆ. ಪೆನ್ಸಿಲಿನ್ನಿನ ತಕ್ಷಣದ ಅಲರ್ಜಿ ಇದ್ದವರಲ್ಲಿ 10 ವರ್ಷ ಆ ಔಷಧಿ ಸೋಂಕದಿದ್ದರೆ ನೂರಕ್ಕೆ ಸುಮಾರು 80 ಭಾಗ ಜನರ ಮೈ ಅದನ್ನು ಮರೆತುಬಿಡುತ್ತದೆ.

ಇಷ್ಟು ಓದಿ ಯಾರೂ ಮನೆಯಲ್ಲಿ ಒಂದು ಮಾತ್ರೆ ನುಂಗಿ ‘ಟೆಸ್ಟ್’ ಮಾಡಿಕೊಳ್ಳಲು ಹೋಗಬೇಡಿ. ಮರೆಯದ ಆ 20 ಭಾಗದಲ್ಲಿ ನೀವಿದ್ದರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ಡಾಕ್ಟ್ರು ಕೇಳುವ ಪ್ರಶ್ನೆಗಳಿಗೆ ಈಗ ಒಂದು ಲೆಕ್ಕಾಚಾರವೂ ಬಂದಿದೆ. 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ರೂಪಿಸಿದ್ದು, ಹೆಸರು ಪೆನ್-ಫಾಸ್ಟ್. ರಿಯಾಕ್ಷನ್ ಆಗಿ 5 ವರ್ಷದ ಒಳಗೆಯಾ? ಹೌದಾದರೆ 2 ಅಂಕ. ಉಸಿರು, ಬಿಪಿ ಕೆಟ್ಟಿತ್ತಾ, ಮುಖ ತುಟಿ ಊದಿತ್ತಾ, ಅಥವಾ ಚರ್ಮ ಸುಲಿದುಹೋಗುವಂಥ ಗಂಭೀರ ಸ್ಥಿತಿ ಆಗಿತ್ತಾ? ಅದಕ್ಕೆ 2. ಆವಾಗ ಚಿಕಿತ್ಸೆ ಬೇಕಾಗಿತ್ತಾ? ಅದಕ್ಕೆ 1. ಮೂರಕ್ಕಿಂತ ಕಡಿಮೆ ಬಂದರೆ ನಿಜವಾದ ಅಲರ್ಜಿ ಇರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಸೊನ್ನೆ ಬಂದವರಲ್ಲಿ ಒಂದಕ್ಕಿಂತಲೂ ಕಡಿಮೆ. ದೊಡ್ಡಮ್ಮನದು ಸೊನ್ನೆ. ಹೀಗೆ ಕಡಿಮೆ ಅಂಕ ಬಂದ ಸುಮಾರು 380 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಒಂದು ಗುಂಪಿಗೆ ಮೊದಲು ಚರ್ಮದ ಪರೀಕ್ಷೆ, ಇನ್ನೊಂದಕ್ಕೆ ಆಸ್ಪತ್ರೆಯಲ್ಲೇ ಕೂರಿಸಿ ನೇರವಾಗಿ ಮಾತ್ರೆ. ಎರಡೂ ಕಡೆ ರಿಯಾಕ್ಷನ್ ಆದದ್ದು ತಲಾ ಒಬ್ಬರಿಗೆ.

ಇಲ್ಲಿ ನಮ್ಮ ಆಸ್ಪತ್ರೆಗಳ ‘ಟೆಸ್ಟ್ ಡೋಸ್’ ಬಗ್ಗೆ ಒಂದು ಮಾತು. ನಿಮಗೂ ಗೊತ್ತಿರುತ್ತದೆ. ಸಿಸ್ಟರ್ ಬಂದು ಮುಂಗೈಯ ಒಳಭಾಗಕ್ಕೆ ಸಣ್ಣ ಸೂಜಿ ಚುಚ್ಚಿ, ಎದ್ದ ಗುಳ್ಳೆಯ ಸುತ್ತ ಬಾಲ್ ಪೆನ್ನಿನಲ್ಲಿ ಒಂದು ಉಂಗುರ ಬರೆದು, ಅರ್ಧ ಗಂಟೆ ಬಿಟ್ಟು ಬಂದು ನೋಡಿ ಹೋಗುತ್ತಾರೆ. ಕೆಂಪಾಗದಿದ್ದರೆ ‘ಟೆಸ್ಟ್ ಡೋಸ್ ಓಕೆ’. ನೋಡಲು ಬಹಳ ಭರವಸೆ ಕೊಡುವ ಶಾಸ್ತ್ರ. ಆದರೆ ನಿಜವಾದ ಅಲರ್ಜಿ ಪರೀಕ್ಷೆಯಲ್ಲಿ ಔಷಧಿಯನ್ನು ಎಷ್ಟಕ್ಕೆ ಎಷ್ಟು ನೀರು ಬೆರೆಸಬೇಕು ಅನ್ನುವ ನಿಗದಿ ಇರುತ್ತದೆ. ಪಕ್ಕದಲ್ಲೇ ಬರೀ ಉಪ್ಪುನೀರಿನದೊಂದು, ಎಲ್ಲರಿಗೂ ಗುಳ್ಳೆ ಎಬ್ಬಿಸುವ ಹಿಸ್ಟಮಿನ್‌ದೊಂದು ಚುಚ್ಚಿ ಹೋಲಿಸುತ್ತಾರೆ. ಪೆನ್ಸಿಲಿನ್ ಮೈಯೊಳಗೆ ಒಡೆದಾಗ ಆಗುವ ಚೂರುಗಳನ್ನೂ ಇಟ್ಟು ನೋಡುತ್ತಾರೆ. ವಾರ್ಡಿನಲ್ಲಿ ಇದ್ಯಾವುದೂ ಇರುವುದಿಲ್ಲ. ಔಷಧಿ ಗಟ್ಟಿಯಾಗಿದ್ದರೆ ಅಲರ್ಜಿ ಇಲ್ಲದವರ ಚರ್ಮವೂ ಉರಿದು ಕೆಂಪಾಗುತ್ತದೆ, ಅಲ್ಲಿಗೆ ಅವರ ಫೈಲಿಗೂ ಒಂದು ಕೆಂಪು ಗೆರೆ. ಹಿಂದೆ ಏನೂ ಆಗಿರದವರಿಗೆ ಪೆನ್ಸಿಲಿನ್ನಿನ ನೆಂಟರಾದ ಸೆಫಲೊಸ್ಪೊರಿನ್ ಗುಂಪಿನ ಆಂಟಿಬಯೋಟಿಕ್ ಕೊಡುವ ಮುಂಚೆ ಹೀಗೆ ಚುಚ್ಚಿ ನೋಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಗುಳ್ಳೆ ಏಳಲಿಲ್ಲ ಅಂದ ಮಾತ್ರಕ್ಕೆ ಪೂರ್ತಿ ಡೋಸಿಗೆ ಏನೂ ಆಗುವುದಿಲ್ಲ ಅನ್ನುವ ಗ್ಯಾರಂಟಿಯೂ ಇಲ್ಲ. ನನಗೆ ಕೇಳಿದರೆ, ಆ ಅರ್ಧ ಗಂಟೆಯಲ್ಲಿ ಐದು ನಿಮಿಷ ‘ಹಿಂದೆ ಏನಾಗಿತ್ತು’ ಅಂತ ಕೇಳುವುದಕ್ಕೆ ಕೊಟ್ಟಿದ್ದರೆ ಜಾಸ್ತಿ ಉಪಯೋಗ.

ಈಗ ನಿಜವಾದ ಅಲರ್ಜಿಯ ವಿಷಯ. ಅದರಲ್ಲಿ ಮುಖ್ಯವಾಗಿ ಎರಡು ದಾರಿ.

ಒಂದು, ತಕ್ಷಣದ್ದು. ಔಷಧಿ ಮೈಗೆ ಹೋದ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ಶುರುವಾಗುತ್ತದೆ. ಗಂಧೆ, ತುಟಿ ಊತ, ಉಬ್ಬಸ, ವಾಂತಿ, ಬಿಪಿ ಕುಸಿತ. ಇದರ ತೀವ್ರ ರೂಪವೇ ಅನಾಫಿಲಾಕ್ಸಿಸ್. ಪೆನ್ಸಿಲಿನ್ ಕೊಟ್ಟ 10,000 ಸಲದಲ್ಲಿ ಒಂದರಿಂದ ಐದು ಸಲ ಹೀಗಾಗಬಹುದು ಅಂತ ಅಂದಾಜು. ಆಗ ಮೊದಲು ಬೇಕಾದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್. ದೊಡ್ಡವರಿಗೆ ಅರ್ಧ ಮಿಲಿಗ್ರಾಂ. ನಮ್ಮಲ್ಲಿ ಎಷ್ಟೋ ಕಡೆ ಮೊದಲು ಕೈ ಹೋಗುವುದು ನವೆಯ ಔಷಧಿ ಅವಿಲ್ ಮತ್ತು ಸ್ಟೆರಾಯ್ಡ್ ಕಡೆಗೆ. ಅವು ನವೆ ಕಡಿಮೆ ಮಾಡಬಹುದು, ಕುಸಿಯುತ್ತಿರುವ ಜೀವವನ್ನು ಹಿಡಿದು ನಿಲ್ಲಿಸುವುದು ಅಡ್ರಿನಲಿನ್. ಮನೆಯಲ್ಲಿ ಟೆಸ್ಟ್ ಮಾಡಿಕೊಳ್ಳಬೇಡಿ ಅಂದದ್ದು ಇದಕ್ಕೇ.

ಇನ್ನೊಂದು, ನಿಧಾನದ್ದು. ಕೆಲವು ದಿನ, ಕೆಲವು ವಾರದ ಮೇಲೆ ಬರುವಂಥದ್ದು. ಸಣ್ಣಪುಟ್ಟ ದದ್ದು ಎದ್ದು ಇಳಿದುಹೋದರೆ ಅಷ್ಟು ಹೆದರಬೇಕಿಲ್ಲ. ಆದರೆ ಜ್ವರದ ಜೊತೆಗೆ ಚರ್ಮ ಬೊಬ್ಬೆ ಎದ್ದು ಸುಲಿದರೆ, ಬಾಯಿ, ಕಣ್ಣು, ಗುಪ್ತಾಂಗ ಹುಣ್ಣಾದರೆ, ಮುಖ ಊದಿ ಲಿವರ್ ಕೆಟ್ಟರೆ ಕಥೆ ಬೇರೆ. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಈ ಗುಂಪಿನದು. ಇಂಥವರಿಗೆ ಆ ಔಷಧಿಯನ್ನಾಗಲಿ ಅದರ ಹತ್ತಿರದ ನೆಂಟರನ್ನಾಗಲಿ ಮತ್ತೆ ಕೊಡುವಂತಿಲ್ಲ. ಪರೀಕ್ಷೆಗೆ ಅಂತ ಒಂದು ಚೂರೂ ಬೇಡ. ಪೆನ್-ಫಾಸ್ಟ್ ಅಂಕ ಕಡಿಮೆ ಬಂತು, ಎಷ್ಟೋ ವರ್ಷ ಆಯ್ತು ಅನ್ನುವ ಸಮಾಧಾನ ಯಾವುದೂ ಇವರಿಗೆ ಅನ್ವಯಿಸುವುದಿಲ್ಲ.

ಭೇದಿ ನಿಲ್ಲಲಿ ಅಂತ ನುಂಗುವ ಮಾತ್ರೆಯ ಒಂದು ಅಲರ್ಜಿಯೂ ನಮ್ಮಲ್ಲಿ ಸಾಮಾನ್ಯ. ಹೊಟ್ಟೆ ಕೆಟ್ಟಿತು ಅಂತ ಮೆಡಿಕಲ್ ಅಂಗಡಿಯಲ್ಲಿ ಆಫ್ಲಾಕ್ಸಸಿನ್-ಆರ್ನಿಡಜೋಲ್ ಜೋಡಿ ಮಾತ್ರೆ ತಂದು ನುಂಗುತ್ತಾರೆ. ಕೆಲವರಿಗೆ ತುಟಿಯ ಮೇಲೋ ಕೈ ಮೇಲೋ ದುಂಡಗೆ ಕಪ್ಪು ಮಚ್ಚೆ ಬೀಳುತ್ತದೆ. ಮತ್ತೆ ಯಾವಾಗ ಅದೇ ಮಾತ್ರೆ ನುಂಗಿದರೂ ಸರಿಯಾಗಿ ಅದೇ ಜಾಗದಲ್ಲಿ ಉರಿ, ಅದೇ ಮಚ್ಚೆ. ಜೋಡಿ ಮಾತ್ರೆಯ ತೊಂದರೆ ಏನೆಂದರೆ, ಇಬ್ಬರಲ್ಲಿ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಒಂದರ ತಪ್ಪಿಗೆ ಎರಡನ್ನೂ ಬಿಡಬೇಕಾಗುತ್ತದೆ. ಭೇದಿಗೆ ಬಹಳ ಸಲ ಎರಡೂ ಬೇಕಿರುವುದಿಲ್ಲ ಅನ್ನುವುದು ಬೇರೆ ಮಾತು.

ಈಗ ಬದಲಿಗೆ ಬರೋಣ. ಪೆನ್ಸಿಲಿನ್ ಆಗದಿದ್ದರೆ ಸೆಫಲೊಸ್ಪೊರಿನ್ ಕೊಡಬಹುದಾ? ಹಳೆಯ ಪಠ್ಯಪುಸ್ತಕದ ಉತ್ತರ: ‘10ರಲ್ಲಿ ಒಬ್ಬರಿಗೆ ಅದೂ ಆಗುವುದಿಲ್ಲ, ಹುಷಾರು.’ ಈ ಅಂಕಿ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೋಟ್ಸು ಅನ್ನುವ ವಿಜ್ಞಾನಿಗೆ ಚರಂಡಿ ನೀರು ಸಮುದ್ರ ಸೇರುವ ಕಡೆ ಒಂದು ಬೂಸು ಸಿಕ್ಕಿತು. ಸೆಫಲೊಸ್ಪೊರಿನ್ನುಗಳ ಮೂಲ ಅದೇ. ಆರಂಭದ ದಿನಗಳಲ್ಲಿ ತಯಾರಾದ ಸೆಫಲೊಸ್ಪೊರಿನ್ನುಗಳಲ್ಲಿ ಚೂರುಪಾರು ಪೆನ್ಸಿಲಿನ್ ಕೂಡ ಬೆರೆತಿರುತ್ತಿತ್ತು. ಜನರಿಗೆ ರಿಯಾಕ್ಷನ್ ಆದಾಗ ಅಪವಾದ ಹೊಸಬನ ಮೇಲೆ ಬಂತು. ಈಗಿನ ಲೆಕ್ಕದಲ್ಲಿ ಪರೀಕ್ಷೆಯಲ್ಲಿ ಸಾಬೀತಾದ ಪೆನ್ಸಿಲಿನ್ ಅಲರ್ಜಿ ಇದ್ದವರಲ್ಲೂ ಒಟ್ಟಾರೆ 2 ಭಾಗದಷ್ಟು ಜನರಿಗೆ ಮಾತ್ರ ಸೆಫಲೊಸ್ಪೊರಿನ್ ಆಗುವುದಿಲ್ಲ.

ಆ 2 ಭಾಗವೂ ಎಲ್ಲ ಸೆಫಲೊಸ್ಪೊರಿನ್ನಿಗೂ ಒಂದೇ ಅಲ್ಲ. ಈ ಔಷಧಿಗಳ ಅಣುವಿನಲ್ಲಿ ನಡುವೆ ಒಂದು ಉಂಗುರ, ಪಕ್ಕಕ್ಕೆ ಒಂದು ಬಾಲ. ಉಂಗುರ ಇಡೀ ಕುಟುಂಬದಲ್ಲಿ ಒಂದೇ ಥರ. ನಮ್ಮ ಮೈ ಗುರುತು ಹಿಡಿಯುವುದು ಹೆಚ್ಚಾಗಿ ಬಾಲವನ್ನು. ಅಮಾಕ್ಸಿಸಿಲಿನ್ ಮತ್ತು ಸೆಫಡ್ರಾಕ್ಸಿಲ್ ಬಾಲ ಅಚ್ಚು ಒಂದೇ. ಆಂಪಿಸಿಲಿನ್, ಸೆಫಲೆಕ್ಸಿನ್, ಸೆಫಾಕ್ಲೋರ್ ಬಾಲವೂ ಹಾಗೆಯೇ. ಅಮಾಕ್ಸಿಸಿಲಿನ್‌ಗೆ ಗಂಧೆ ಎದ್ದವರಿಗೆ ಸೆಫಡ್ರಾಕ್ಸಿಲ್, ಸೆಫಲೆಕ್ಸಿನ್ ಕೊಡುವುದು ಬಾಗಿಲು ಹಾಕಿ ಕಿಟಕಿಯಿಂದ ಅವನನ್ನೇ ಒಳಗೆ ಕರೆದ ಹಾಗೆ. ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್ ಬಾಲ ಬೇರೆ. ಆಪರೇಷನ್‌ಗೆ ಮುಂಚೆ ಕೊಡುವ ಸೆಫಜೋಲಿನ್ ಬಾಲವಂತೂ ಯಾವ ಪೆನ್ಸಿಲಿನ್‌ಗೂ ಇಲ್ಲ. ಅದಕ್ಕೇ 2022ರ ಅಮೆರಿಕನ್ ಮಾರ್ಗಸೂಚಿಯ ಪ್ರಕಾರ ಪೆನ್ಸಿಲಿನ್‌ಗೆ ಅನಾಫಿಲಾಕ್ಸಿಸ್ ಆದವರಿಗೂ ಬಾಲ ಬೇರೆ ಇರುವ ಸೆಫಲೊಸ್ಪೊರಿನ್ ಕೊಡಬಹುದು. ಇದೇ ಕುಟುಂಬದ ಇನ್ನೊಂದು ಕವಲು, ಮೆರೊಪೆನೆಮ್ ಥರದ ಕಾರ್ಬಪೆನೆಮ್‌ಗಳಲ್ಲಿ ತೊಂದರೆ 1 ಭಾಗಕ್ಕಿಂತ ಕಡಿಮೆ. ಅಜ್ಟ್ರಿಯೊನಾಮ್ ಪೆನ್ಸಿಲಿನ್ ಅಲರ್ಜಿಯವರಿಗೆ ನಡೆಯುತ್ತದೆ, ಆದರೆ ಅದರ ಬಾಲವೂ ಸೆಫ್ಟಜಿಡಿಮ್‌ದೂ ಒಂದೇ. ಸೆಫ್ಟಜಿಡಿಮ್ ಆಗದವರು ಅಜ್ಟ್ರಿಯೊನಾಮ್‌ನಿಂದಲೂ ದೂರ ಇರಬೇಕು.

‘ಇಷ್ಟೆಲ್ಲ ಯಾಕೆ, ಕುಟುಂಬಾನೇ ಬಿಟ್ಟು ಬೇರೆ ಏನಾದ್ರೂ ಕೊಟ್ರೆ ಆಯ್ತಪ್ಪ’ ಅನ್ನಬಹುದು. ಬಹಳ ಕಡೆ ಆಗುವುದೂ ಅದೇ. ಅದಕ್ಕೆ ತೆರುವ ಬೆಲೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡಮ್ಮನ ಆಪರೇಷನ್ನನ್ನೇ ತೆಗೆದುಕೊಳ್ಳಿ. ಸೆಫಜೋಲಿನ್ ಆದರೆ ಚಾಕು ಇಡುವ ಒಂದು ಗಂಟೆಯೊಳಗೆ ಕೊಟ್ಟು ಮುಗಿಸಬಹುದು. ಬದಲಿಗೆ ವ್ಯಾಂಕೊಮೈಸಿನ್ ಅಂದರೆ ನಿಧಾನವಾಗಿ ಡ್ರಿಪ್‌ನಲ್ಲಿ ಗಂಟೆಗಟ್ಟಲೆ ಬಿಡಬೇಕು. ಅವಸರ ಮಾಡಿದರೆ ಮುಖ, ಕುತ್ತಿಗೆ ಕೆಂಪಾಗಿ ಉರಿ ಬರುತ್ತದೆ, ಅದನ್ನೂ ಯಾರೋ ಅಲರ್ಜಿ ಅಂತ ಬರೆದಿಡುತ್ತಾರೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಂಡಿ, ಸೊಂಟ, ಗರ್ಭಕೋಶ, ಕರುಳು, ಹೃದಯದ ಆಪರೇಷನ್ ಆದ 8,000ಕ್ಕೂ ಹೆಚ್ಚು ಜನರ ದಾಖಲೆ ನೋಡಿದರು. ‘ಪೆನ್ಸಿಲಿನ್ ಅಲರ್ಜಿ’ ಅಂತ ಬರೆಸಿಕೊಂಡವರ ಗಾಯಕ್ಕೆ ಸೋಂಕು ತಗಲುವ ಸಂಭವ ಉಳಿದವರಿಗಿಂತ 50 ಭಾಗ ಹೆಚ್ಚಿತ್ತು. ಅಷ್ಟಕ್ಕೂ ಕಾರಣ ಕೊಟ್ಟ ಬದಲಿ ಔಷಧಿ. 2018ರಲ್ಲಿ ಬ್ರಿಟನ್ನಿನ ದಾಖಲೆಗಳ ಅಧ್ಯಯನವೂ ಬಂತು. ಹೀಗೆ ಬರೆಸಿಕೊಂಡವರಲ್ಲಿ ಎಂಆರ್‌ಎಸ್‌ಎ ಅನ್ನುವ ಹಟಮಾರಿ ಬ್ಯಾಕ್ಟೀರಿಯಾ ಸೋಂಕು 69 ಭಾಗ, ಆಂಟಿಬಯೋಟಿಕ್ ನಂತರ ಬರುವ ಸಿ. ಡಿಫಿಸಿಲ್ ಭೇದಿ 26 ಭಾಗ ಹೆಚ್ಚು.

ಹೊರಗಿನ ಪೇಷಂಟುಗಳ ಕಥೆಯೂ ಇದೇ. ಪೆನ್ಸಿಲಿನ್ ಬೇಡ ಅಂದ ತಕ್ಷಣ ಕೈಗೆ ಬರುವುದು ಅಜಿಥ್ರೊಮೈಸಿನ್ ಅಥವಾ ಲೆವೊಫ್ಲಾಕ್ಸಸಿನ್. 2019ರಲ್ಲಿ ನಮ್ಮ ದೇಶದ ಖಾಸಗಿ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಬಳಕೆಯಾದ ಆಂಟಿಬಯೋಟಿಕ್ಕೇ ಅಜಿಥ್ರೊಮೈಸಿನ್ 500 ಮಾತ್ರೆ. ಮೂರು ದಿನ, ಮೂರು ಮಾತ್ರೆ, ಎಲ್ಲರಿಗೂ ಇಷ್ಟ. ಆದರೆ ಹೃದಯ ಬಡಿತದ ಲಯದ ತೊಂದರೆ ಇದ್ದವರಿಗೆ ಅದು ಒಳ್ಳೆಯದಲ್ಲ. ಲೆವೊಫ್ಲಾಕ್ಸಸಿನ್ ಗುಂಪಿನದು ಸ್ನಾಯುರಜ್ಜುವಿಗೆ ಪೆಟ್ಟು ಕೊಡಬಹುದು, ಶುಗರ್ ಇದ್ದವರಲ್ಲಿ ಶುಗರ್ ಏರುಪೇರು ಮಾಡಬಹುದು. ಅದೇ ಗುಂಪಿನ ಗ್ಯಾಟಿಫ್ಲಾಕ್ಸಸಿನ್ ಮಾತ್ರೆಯನ್ನು 2011ರಲ್ಲಿ ಭಾರತ ನಿಷೇಧಿಸಿತು. ನಮ್ಮ ದೇಶದಲ್ಲಿ ಇನ್ನೊಂದು ಅಪಾಯವೂ ಇದೆ. ಈ ಗುಂಪಿನ ಔಷಧಿಗಳು ಟಿಬಿ ಕ್ರಿಮಿಯನ್ನೂ ಅರ್ಧಂಬರ್ಧ ಹೊಡೆಯುತ್ತವೆ. ಕೆಮ್ಮಿಗೆ ಅಂತ ಒಂದು ವಾರ ನುಂಗಿದರೆ ಸ್ವಲ್ಪ ವಾಸಿಯಾದಂತೆ ಕಾಣುತ್ತದೆ, ಟಿಬಿ ಗೊತ್ತಾಗುವುದು ತಡವಾಗುತ್ತದೆ.

ಬದಲಿಗಳೆಲ್ಲ ಕೆಟ್ಟವು ಅಂತಲ್ಲ. ನಿಜವಾದ ಅಲರ್ಜಿ ಇದ್ದವರಿಗೆ ಅವೇ ಗತಿ, ಬಹಳ ಸಲ ಒಳ್ಳೆಯ ಗತಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯಲ್ಲಿ ಬರುವ ಇಲಿಜ್ವರಕ್ಕೆ ಪೆನ್ಸಿಲಿನ್ ಆಗದಿದ್ದರೆ ಡಾಕ್ಸಿಸೈಕ್ಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ತುಂಬ ನೀರಿನ ಜೊತೆ ನುಂಗಿ, ತಕ್ಷಣ ಮಲಗದಿದ್ದರೆ ಸಾಕು. ಬಸುರಿಯರಿಗೆ ಮಾತ್ರ ಬೇಡ. ಸಾಧಾರಣ ಮೂತ್ರದ ಸೋಂಕಿಗೆ ನೈಟ್ರೊಫ್ಯುರಾಂಟೊಯಿನ್ ಇದೆ, ಅದಕ್ಕೂ ಪೆನ್ಸಿಲಿನ್‌ಗೂ ಸಂಬಂಧವೇ ಇಲ್ಲ.

ಬದಲಿಯೇ ಇಲ್ಲದ, ಇದ್ದರೂ ಸಪ್ಪೆಯಾದ ಜಾಗಗಳು ಕಷ್ಟ. ಬಸುರಿಗೆ ಸಿಫಿಲಿಸ್ ಇದ್ದರೆ ಹೊಟ್ಟೆಯೊಳಗಿನ ಮಗುವನ್ನು ಕಾಪಾಡಲು ಪೆನ್ಸಿಲಿನ್ನೇ ಆಗಬೇಕು. ಆಕೆಗೆ ತಕ್ಷಣದ ಅಲರ್ಜಿ ಇದ್ದರೆ ಆಸ್ಪತ್ರೆಯಲ್ಲಿ ಮಲಗಿಸಿ, ಸಾಸಿವೆಯಷ್ಟರಿಂದ ಶುರುಮಾಡಿ 15 ನಿಮಿಷಕ್ಕೊಮ್ಮೆ ಡೋಸ್ ಹೆಚ್ಚಿಸುತ್ತಾ ಸುಮಾರು ನಾಲ್ಕು ಗಂಟೆಯಲ್ಲಿ ಮೈಯನ್ನು ಒಗ್ಗಿಸುತ್ತಾರೆ. ಇದು ವಾಸಿ ಮಾಡಿದ್ದಲ್ಲ, ಪುಸಲಾಯಿಸಿದ್ದು. ಔಷಧಿ ನಿಲ್ಲಿಸಿದ ಕೆಲವೇ ದಿನದಲ್ಲಿ ಅಲರ್ಜಿ ವಾಪಸ್. ರುಮ್ಯಾಟಿಕ್ ಹೃದಯ ಕಾಯಿಲೆಯ ಮಕ್ಕಳಿಗೆ 21 ದಿನಕ್ಕೊಮ್ಮೆ ಹಾಕುವ ಪೆನಿಡ್ಯೂರ್ ಅನ್ನುವ ಪೆನ್ಸಿಲಿನ್ ಸೂಜಿಯ ಮೇಲೂ ಇದೇ ಭಯದ ನೆರಳು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಕೊಟ್ಟ ಸಲಹೆ ಇಲ್ಲಿ ಬಹಳ ಮುಖ್ಯ. ಆ ಸೂಜಿಯ ನಂತರ ಆದ ಕೆಲವು ಸಾವುಗಳು ಅಲರ್ಜಿಯಿಂದ ಆದಂತೆ ಕಾಣುವುದಿಲ್ಲ. ವಾಲ್ವ್ ತೀರಾ ಹಾಳಾದ ಹೃದಯ ಸೂಜಿಯ ನೋವು, ಬಿಪಿ ಇಳಿತವನ್ನು ತಡೆದುಕೊಳ್ಳಲಾರದೆ ಸೋತಿರಬಹುದು. ಅಂಥವರಿಗೆ ಮಾತ್ರೆಯ ರೂಪದ ಪೆನ್ಸಿಲಿನ್ ವಾಸಿ ಅಂತ ಅವರ ಸಲಹೆ. ಗಮನಿಸಿ, ಇಲ್ಲಿ ಬದಲಾಗಿದ್ದು ಔಷಧಿ ಅಲ್ಲ, ಕೊಡುವ ದಾರಿ.

ಸಲ್ಫಾ ಅಲರ್ಜಿಯ ಗೊಂದಲ ಇನ್ನೊಂದು ಥರ. ಸಲ್ಫಾ ಅಂದರೆ ಗಂಧಕ ಅಂದುಕೊಂಡು ಗಂಧಕ ಹೆಸರಿನಲ್ಲಿರುವ ಎಲ್ಲಕ್ಕೂ ಹೆದರುವವರಿದ್ದಾರೆ. ಸಲ್ಫೇಟ್, ಸಲ್ಫೈಟ್, ಗಂಧಕ ಇವೆಲ್ಲ ಬೇರೆ. ಕೋಟ್ರೈಮಾಕ್ಸಜೋಲ್ ಅನ್ನುವ ಸಲ್ಫಾ ಆಂಟಿಬಯೋಟಿಕ್ ಆಗದವರು ನೀರಿಳಿಸುವ ಲ್ಯಾಸಿಕ್ಸ್‌ಗೋ ಶುಗರಿನ ಗ್ಲಿಮೆಪಿರೈಡ್‌ಗೋ ಸಾಮಾನ್ಯವಾಗಿ ಹೆದರಬೇಕಿಲ್ಲ. ಆದರೆ ಕೋಟ್ರೈಮಾಕ್ಸಜೋಲ್ ಅನಿವಾರ್ಯವಾಗುವ ಒಂದು ಕಾಯಿಲೆ ನಮ್ಮ ಕರಾವಳಿಯಲ್ಲೇ ಇದೆ, ಮೆಲಿಯಾಯ್ಡೋಸಿಸ್. ಕ್ರಿಮಿ ಗದ್ದೆಯ ಮಣ್ಣು, ನೀರಿನಲ್ಲಿರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಶುಗರ್ ಇದ್ದವರಿಗೆ ಹಿಡಿಯುತ್ತದೆ. ಮೊದಲು ಎರಡು ವಾರದಷ್ಟು ಸೆಫ್ಟಜಿಡಿಮ್ ಅಥವಾ ಮೆರೊಪೆನೆಮ್ ಸೂಜಿ, ಆಮೇಲೆ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಇಲ್ಲಿ ‘ಸಲ್ಫಾ ಆಗಿಬರಲ್ಲ’ ಅಂತ ಡಾಕ್ಸಿಸೈಕ್ಲಿನ್‌ಗೋ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೋ ಹೋದರೆ ಕಾಯಿಲೆ ಮರುಕಳಿಸುವ ಭಯ ಜಾಸ್ತಿ. ಹಿಂದೆ ಆಗಿದ್ದು ಚರ್ಮ ಸುಲಿಯುವ ಥರದ್ದೋ, ಸುಮ್ನೆ ಒಂದಿಷ್ಟು ನವೆಯೋ ಅಂತ ಕೆದಕಿ ಕೇಳುವುದರ ಮೇಲೆ ಆ ಮೂರು ತಿಂಗಳು ನಿಂತಿದೆ.

ಕೊನೆಗೆ ಬ್ರ್ಯಾಂಡ್ ಹೆಸರಿನ ಪೇಚಾಟ. ‘ಮಾಕ್ಸ್ ಆಗಿಬರಲ್ಲ’ ಅಂತ ಒಬ್ಬರು ಹೇಳುತ್ತಾರೆ. ಚೀಟಿಯಲ್ಲಿ ಆಗ್ಮೆಂಟಿನ್ ಇದ್ದರೆ ನಿಶ್ಚಿಂತೆಯಾಗಿ ನುಂಗುತ್ತಾರೆ. ಎರಡರೊಳಗೂ ಅಮಾಕ್ಸಿಸಿಲಿನ್ನೇ. ನೊವಾಮಾಕ್ಸ್, ಕ್ಲಾವಮ್, ಮಾಕ್ಸಿಕೈಂಡ್ ಸಿವಿ ಎಲ್ಲದರೊಳಗೂ ಅದೇ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಮೂಲ ಔಷಧಿಯ ಹೆಸರಿರುತ್ತದೆ. ನೆನಪಿಡಬೇಕಾದ್ದು ಅದು. ರಿಯಾಕ್ಷನ್ ಆದ ದಿನ ಸ್ಟ್ರಿಪ್ ಬಿಸಾಡದೆ ಫೋನಿನಲ್ಲಿ ಒಂದು ಫೋಟೊ, ದದ್ದಿನದೂ ಒಂದು ಫೋಟೊ, ಎಷ್ಟನೇ ಡೋಸಿಗೆ ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ಎರಡು ಸಾಲು ಇಟ್ಟುಕೊಂಡರೆ 30 ವರ್ಷದ ಮೇಲೂ ಯಾವ ಡಾಕ್ಟ್ರಿಗಾದರೂ ಬೇಕಾದಷ್ಟು ಮಾಹಿತಿ. ಔಷಧಿಯ ಅಡ್ಡಪರಿಣಾಮ ದಾಖಲಿಸಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿಯೂ ಇದೆ, 1800-180-3024. ರೋಗಿಗಳೇ ಫೋನ್ ಮಾಡಬಹುದು.

ದೊಡ್ಡಮ್ಮನಿಗೆ ಮರುದಿನ ಸೆಫಜೋಲಿನ್ ಕೊಟ್ಟರು. ಏನೂ ಆಗಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಡಾಕ್ಟ್ರು ಕೆಂಪು ಸಾಲನ್ನು ಹೊಡೆದು ಹಾಕಲಿಲ್ಲ. ಸೆಫಜೋಲಿನ್ ಒಗ್ಗಿತು ಅಂದರೆ ಪೆನ್ಸಿಲಿನ್ ಅಲರ್ಜಿ ಇಲ್ಲ ಅಂತ ಅರ್ಥ ಅಲ್ಲವಲ್ಲ, ಬಾಲ ಬೇರೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಬರೆದರು: ‘ಸುಮಾರು 50 ವರ್ಷದ ಹಿಂದೆ ಸೂಜಿ ಚುಚ್ಚಿದಾಗ ತಲೆಸುತ್ತು. ಗಂಧೆ, ಉಸಿರಾಟದ ತೊಂದರೆ ಇಲ್ಲ. ಸೆಫಜೋಲಿನ್ ಒಗ್ಗಿದೆ. ಅಮಾಕ್ಸಿಸಿಲಿನ್ ಕೊಟ್ಟು ನೋಡುವ ಪರೀಕ್ಷೆ ಬಾಕಿ.’

ಆ ಪರೀಕ್ಷೆ ಇನ್ನೂ ಬಾಕಿಯೇ ಇದೆ. ಮಂಡಿ ಗಟ್ಟಿಯಾಗಿ ಈಗ ದೇವಸ್ಥಾನದ ಮೆಟ್ಟಿಲು ಹತ್ತುತ್ತಾರೆ. ಪರೀಕ್ಷೆಯ ಮಾತೆತ್ತಿದರೆ ಮಾತ್ರ, “ಈಗ ಚೆನ್ನಾಗೇ ಇದೀನಲ್ಲ, ಸುಮ್ನೆ ಯಾಕೆ?” ಅನ್ನುತ್ತಾರೆ. ಹೋದ ವಾರ ಹಲ್ಲು ನೋವಿಗೆ ಅಂತ ಡೆಂಟಿಸ್ಟ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಕುರ್ಚಿಯಲ್ಲಿ ಕೂತವರು ಬಾಯಿ ತೆರೆಯುವ ಮೊದಲೇ ಹೇಳಿದರು: “ಪೆನ್ಸಿಲಿನ್ ನಂಗೆ ಆಗಿಬರಲ್ಲ.” ನಾನು ಬ್ಯಾಗಿನಿಂದ ಚೀಟಿ ತೆಗೆದು ಡಾಕ್ಟ್ರ ಮುಂದಿಟ್ಟೆ.